ಮೀನು, ಸಿಗಡಿ ಉಳಿಕೆಯಲ್ಲಿ ಸಕ್ರಿಯ ಪೆಪ್ಟೈಡ್ ಹುಡುಕುವುದು: ಕಂಪ್ಯೂಟರ್ ಕೆಲಸದ ಹಂತ ಹಂತದ ಮಾರ್ಗದರ್ಶಿ

ಪೆಪ್ಟೈಡ್ ಎಂದರೆ ಪ್ರೋಟೀನಿನ ಚಿಕ್ಕ ತುಣುಕು. ಮೀನು, ಸಿಗಡಿ ಸಂಸ್ಕರಿಸಿದ ಮೇಲೆ ಉಳಿಯುವ ಚರ್ಮ, ತಲೆ, ಸಿಪ್ಪೆಗಳಲ್ಲಿ ದೇಹದ ಮೇಲೆ ಪರಿಣಾಮ ಬೀರಬಲ್ಲ ಪೆಪ್ಟೈಡ್ ಹುಡುಕುವುದು ಈ ಕೆಲಸ. ಇದಕ್ಕೆ ಕೈಹಾಕಿದ ಬಹಳಷ್ಟು ಜನ ಒಂದೇ ಜಾಗದಲ್ಲಿ ಬಂದು ನಿಲ್ಲುತ್ತಾರೆ. ಮೀನಿನ ಕಾಲಜನ್ ಪ್ರೋಟೀನಿನ ಅನುಕ್ರಮವೊಂದನ್ನು (ಅಮೈನೋ ಆಮ್ಲಗಳ ಸಾಲನ್ನು) ಇಳಿಸಿಕೊಂಡು ಆನ್‌ಲೈನ್ ಸಾಧನದಲ್ಲಿ ಕತ್ತರಿಸುತ್ತಾರೆ. ಇನ್ನೂರು ತುಣುಕು ಸಿಗುತ್ತವೆ. ಎಲ್ಲವನ್ನೂ ಡಾಕಿಂಗ್‌ಗೆ (ತುಣುಕು ಗುರಿ ಪ್ರೋಟೀನಿಗೆ ಹೇಗೆ, ಎಷ್ಟು ಬಿಗಿಯಾಗಿ ಅಂಟಬಹುದು ಎಂಬ ಕಂಪ್ಯೂಟರ್ ಅಂದಾಜಿಗೆ) ಹಾಕಿ, ಅತ್ಯುತ್ತಮ ಅಂಕ ಬಂದ ಮೂರನ್ನು ಹಣ ಕೊಟ್ಟು ತಯಾರಿಸಿಕೊಳ್ಳುತ್ತಾರೆ. ಪರೀಕ್ಷೆಗೆ ಇಟ್ಟಾಗ ಮೂರೂ ಏನೂ ಮಾಡುವುದಿಲ್ಲ. ಆಮೇಲೆ ಡಾಕಿಂಗ್ ಸಾಫ್ಟ್‌ವೇರ್ ಬದಲಿಸಿ ಮತ್ತೆ ಅದನ್ನೇ ಮಾಡುತ್ತಾರೆ.

ತಪ್ಪು ಕಣ್ಣಿಗೆ ಬೀಳುವುದು ಕೊನೆಯಲ್ಲಿ, ಆಗಿರುವುದು ಬಹುಮಟ್ಟಿಗೆ ಮೊದಲ ಮೂರು ಹಂತಗಳಲ್ಲಿ. ಹಾಗಾಗಿ ಇಲ್ಲಿ ಡಾಕಿಂಗ್‌ಗಿಂತ ಅದಕ್ಕೆ ಮೊದಲಿನ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ನಾಲ್ಕು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಬೇಕು. ಆ ಪ್ರೋಟೀನ್ ನಿಮ್ಮ ಉಳಿಕೆಯಲ್ಲಿ ನಿಜಕ್ಕೂ ಇದೆಯೇ? ನೀವು ಬಳಸುವ ಕಿಣ್ವ ಆ ತುಣುಕನ್ನು ಬಿಡಿಸಿ ಕೊಡುತ್ತದೆಯೇ? ಅದು ಜಠರ, ಕರುಳು ದಾಟಿ ಉಳಿಯುತ್ತದೆಯೇ? ಈ ಮೂರಕ್ಕೂ ಹೌದು ಎಂದಾದ ಮೇಲೆ ನಾಲ್ಕನೆಯದು: ಗುರಿ ಪ್ರೋಟೀನಿಗೆ ಅದು ಅಂಟುತ್ತದೆಯೇ?

ಕೈಯಲ್ಲಿ ಏನೇನಿರಬೇಕು

ಡಾಕಿಂಗ್‌ವರೆಗಿನ ಕೆಲಸಕ್ಕೆ ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಅಣು ಚಲನೆಯ ಸಿಮ್ಯುಲೇಶನ್ ಮಾಡುವುದಾದರೆ ಮಾತ್ರ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ಬೇಕು. ಅನುಕ್ರಮಗಳಿಗೆ ಯೂನಿಪ್ರಾಟ್, ಗೊತ್ತಿರುವ ಪೆಪ್ಟೈಡ್‌ಗಳಿಗೂ ಕಿಣ್ವದ ಕತ್ತರಿಕೆಗೂ ಬಯೋಪೆಪ್-ಯುಡಬ್ಲ್ಯುಎಂ, ಕತ್ತರಿಕೆಯನ್ನು ಎರಡನೇ ಸಲ ತಾಳೆ ನೋಡಲು ಪೆಪ್ಟೈಡ್‌ಕಟರ್, ಪ್ರೋಟೀನಿನ ಆರಂಭದಲ್ಲಿದ್ದು ಜೀವಕೋಶ ಕತ್ತರಿಸಿ ಹಾಕುವ ಸಿಗ್ನಲ್ ಪೆಪ್ಟೈಡ್ ಗುರುತಿಸಲು ಸಿಗ್ನಲ್‌ಪಿ, ವಿಷಕಾರಿತ್ವಕ್ಕೆ ಟಾಕ್ಸಿನ್‌ಪ್ರೆಡ್, ಡಾಕಿಂಗ್‌ಗೆ ಆಟೋಡಾಕ್ ವೀನಾ. ಇವಿಷ್ಟು ಮೊದಲ ಸುತ್ತಿಗೆ ಸಾಕು.

ಇವುಗಳ ಜೊತೆಗೆ ಒಂದು ಸ್ಪ್ರೆಡ್‌ಶೀಟ್ ಇಡಿ. ಪ್ರತಿ ಪೆಪ್ಟೈಡ್‌ಗೆ ಒಂದು ಸಾಲು. ಯಾವ ಪ್ರೋಟೀನ್, ಅದರ ದಾಖಲೆ ಸಂಖ್ಯೆ ಮತ್ತು ಆವೃತ್ತಿ, ಎಷ್ಟನೇ ಸ್ಥಾನದಿಂದ ಎಷ್ಟನೇ ಸ್ಥಾನದವರೆಗೆ, ಯಾವ ಕಿಣ್ವ, ಸರ್ವರ್‌ನಲ್ಲಿ ಓಡಿಸಿದ ದಿನಾಂಕ. ಆನ್‌ಲೈನ್ ಸರ್ವರ್‌ಗಳ ದತ್ತಾಂಶ ಬೆಳೆಯುತ್ತಲೇ ಇರುತ್ತದೆ. ಈ ತಿಂಗಳ ಫಲಿತಾಂಶ ಮುಂದಿನ ವರ್ಷ ಹಾಗೇ ಬರದಿದ್ದಾಗ ದಿನಾಂಕವೊಂದೇ ನಿಮ್ಮನ್ನು ಕಾಪಾಡುತ್ತದೆ.

ಹಂತ 1: ಉಳಿಕೆಯಿಂದ ಶುರು ಮಾಡಿ

"ರಕ್ತದೊತ್ತಡ ಇಳಿಸುವ ಪೆಪ್ಟೈಡ್ ಬೇಕು" ಎಂದು ಶುರು ಮಾಡುವವರು ತಮಗೆ ಬೇಕಾದ ಉತ್ತರ ಬರುವವರೆಗೆ ಪ್ರೋಟೀನ್ ಬದಲಿಸುತ್ತಾ ಹೋಗುತ್ತಾರೆ. ತಿರುವಿ ಹಾಕಿ. ಕೈಯಲ್ಲಿರುವ ಉಳಿಕೆ ಯಾವುದು, ಅದರಲ್ಲಿ ಹೇರಳವಾಗಿರುವ ಪ್ರೋಟೀನ್ ಯಾವುದು ಎಂದು ಮೊದಲು ಬರೆದುಕೊಳ್ಳಿ.

ಮೀನಿನ ಚರ್ಮ, ಹುರುಪೆ, ಮೂಳೆಗಳಲ್ಲಿ ಪ್ರಧಾನವಾದದ್ದು ಒಂದನೇ ಬಗೆಯ ಕಾಲಜನ್. ಮಾಂಸ ತೆಗೆದ ಮೇಲೆ ಉಳಿದ ಬೆನ್ನೆಲುಬು ಮತ್ತು ತಲೆಗೆ ಅಂಟಿಕೊಂಡ ಮಾಂಸದಲ್ಲಿ ಮಯೋಸಿನ್, ಆಕ್ಟಿನ್, ಟ್ರೋಪೊಮಯೋಸಿನ್ ಇರುತ್ತವೆ. ಸಿಗಡಿ ತಲೆಯಲ್ಲಿ ಸ್ನಾಯು ಪ್ರೋಟೀನ್, ರಕ್ತದ ಹೀಮೋಸಯನಿನ್, ಜೀರ್ಣಗ್ರಂಥಿಯ ಕಿಣ್ವಗಳು ಎಲ್ಲವೂ ಕಲೆತಿರುತ್ತವೆ. ಸಿಪ್ಪೆಯಲ್ಲಿ ಕೈಟಿನ್‌ಗೆ ಬಿಗಿದುಕೊಂಡ ಪ್ರೋಟೀನ್ ಇರುತ್ತದೆ, ಅದು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಒಳಾಂಗ ಮತ್ತು ಸಿಗಡಿ ತಲೆಯ ಬಗ್ಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಪ್ರೋಟೀನ್ ಕತ್ತರಿಸುವ ಸ್ವಂತ ಕಿಣ್ವಗಳಿವೆ. ನೀವು ಹೊರಗಿನಿಂದ ಟ್ರಿಪ್ಸಿನ್ ಹಾಕುವ ಮೊದಲೇ ಅವು ಕೆಲಸ ಶುರು ಮಾಡಿರುತ್ತವೆ. ಉಳಿಕೆಯನ್ನು ಬಿಸಿ ಮಾಡಿ ಆ ಕಿಣ್ವಗಳನ್ನು ನಿಷ್ಕ್ರಿಯಗೊಳಿಸದೆ ಇದ್ದರೆ, ಕಂಪ್ಯೂಟರ್ ಹೇಳುವ ಟ್ರಿಪ್ಸಿನ್ ತುಣುಕುಗಳಿಗೂ ಪಾತ್ರೆಯಲ್ಲಿರುವುದಕ್ಕೂ ತಾಳೆಯಾಗುವುದಿಲ್ಲ. ಪ್ರಯೋಗಾಲಯದಲ್ಲಿ ಬಿಸಿ ಮಾಡುವ ಹಂತ ಇದೆಯೋ ಇಲ್ಲವೋ ಎಂಬುದನ್ನು ಕಂಪ್ಯೂಟರ್ ಕೆಲಸಕ್ಕೆ ಮುಂಚೆಯೇ ಕೇಳಿ ತಿಳಿದುಕೊಳ್ಳಿ.

ಮೊದಲ ಸಲ ಮಾಡುವವರು ಚರ್ಮದಿಂದ ಶುರು ಮಾಡುವುದು ಒಳ್ಳೆಯದು. ಒಂದೇ ಪ್ರೋಟೀನ್ ಮೇಲುಗೈ ಪಡೆದಿರುವ ಕಚ್ಚಾವಸ್ತು ಅದು, ತಪ್ಪು ಬೇಗ ಕಾಣುತ್ತದೆ.

ಹಂತ 2: ಅನುಕ್ರಮ ಆರಿಸಿ, ಶುಚಿ ಮಾಡಿ

ನನ್ನ ಪ್ರಕಾರ ಅತಿ ಹೆಚ್ಚು ಕೆಲಸ ಹಾಳಾಗುವುದು ಇಲ್ಲಿ.

ಮೊದಲು ಮೂಲದ ವಿಷಯ. ಯೂನಿಪ್ರಾಟ್‌ನಲ್ಲಿ ಎರಡು ಬಗೆಯ ದಾಖಲೆಗಳಿವೆ: ತಜ್ಞರು ಓದಿ ಪರಿಶೀಲಿಸಿದವು ಮತ್ತು ಜೀನೋಮ್‌ನಿಂದ ತಾನಾಗಿ ಭಾಷಾಂತರವಾಗಿ ಬಂದವು. ಮೀನು, ಸಿಗಡಿಗಳದ್ದು ಬಹುಪಾಲು ಎರಡನೆಯ ಗುಂಪಿನಲ್ಲಿವೆ. ಅದು ದೋಷವಲ್ಲ, ಆದರೆ ದಾಖಲೆ ಅರ್ಧ ತುಣುಕೇ, ಪೂರ್ತಿಯೇ ಎಂದು ನೋಡಲೇಬೇಕು. "ಫ್ರಾಗ್ಮೆಂಟ್" ಎಂದು ಬರೆದಿದ್ದರೆ ಬದಲಿ ಹುಡುಕಿ. ಅನುಕ್ರಮದ ನಡುವೆ ಗುರುತಾಗದ ಅಮೈನೋ ಆಮ್ಲವನ್ನು ಸೂಚಿಸುವ ಎಕ್ಸ್ ಅಕ್ಷರಗಳಿದ್ದರೆ, ಅವನ್ನು ಒಳಗೊಂಡ ತುಣುಕುಗಳನ್ನೆಲ್ಲ ಕೈಬಿಡಿ. ಎಕ್ಸ್ ಅಳಿಸಿ ಎರಡು ಬದಿಗಳನ್ನು ಜೋಡಿಸಬೇಡಿ. ಹಾಗೆ ಮಾಡಿದರೆ ಜಗತ್ತಿನಲ್ಲಿ ಎಲ್ಲೂ ಇಲ್ಲದ ಪೆಪ್ಟೈಡ್ ಹುಟ್ಟುತ್ತದೆ.

ಎರಡನೆಯದು, ಜೀವಕೋಶ ತಾನೇ ಕತ್ತರಿಸಿ ಎಸೆಯುವ ಭಾಗಗಳು. ಕಾಲಜನ್ ಮೊದಲು ಉದ್ದದ ಪೂರ್ವರೂಪವಾಗಿ ತಯಾರಾಗುತ್ತದೆ. ಮುಂದೆ ಸಿಗ್ನಲ್ ಪೆಪ್ಟೈಡ್, ಎರಡೂ ತುದಿಯಲ್ಲಿ ಪ್ರೊಪೆಪ್ಟೈಡ್. ಮನುಷ್ಯನ ಕಾಲಜನ್ ಆಲ್ಫಾ-1 ಸರಪಳಿಯನ್ನೇ ನೋಡಿ: ದಾಖಲೆಯಲ್ಲಿ 1464 ಅಮೈನೋ ಆಮ್ಲಗಳಿವೆ, ಆದರೆ ಪಕ್ವ ಸರಪಳಿ 162ರಿಂದ 1218ರವರೆಗೆ ಮಾತ್ರ. ಉಳಿದದ್ದು ಚರ್ಮದ ನಾರಿನಲ್ಲಿ ಉಳಿಯುವುದಿಲ್ಲ. ಮೀನಿನ ದಾಖಲೆಗಳಲ್ಲಿ ಈ ಗಡಿಗಳನ್ನು ಗುರುತಿಸಿರುವುದು ಅಪರೂಪ. ಸಿಗ್ನಲ್‌ಪಿ ಸಿಗ್ನಲ್ ಪೆಪ್ಟೈಡನ್ನು ಮಾತ್ರ ತೋರಿಸುತ್ತದೆ. ಪ್ರೊಪೆಪ್ಟೈಡ್ ಗಡಿಗಾಗಿ ಮನುಷ್ಯನ ಪರಿಶೀಲಿತ ದಾಖಲೆಯೊಂದಿಗೆ ಸಾಲು ಹೊಂದಿಸಿ ನೋಡಬೇಕು. ಕ್ಲಸ್ಟಲ್ ಒಮೆಗಾದಲ್ಲಿ ಇದು ಕೆಲವು ನಿಮಿಷಗಳ ಕೆಲಸ.

ಇಲ್ಲೊಂದು ಸುಲಭ ತಾಳೆ ಇದೆ. ಪಕ್ವ ಕಾಲಜನ್‌ನಲ್ಲಿ ಪ್ರತಿ ಮೂರನೆಯ ಅಮೈನೋ ಆಮ್ಲ ಗ್ಲೈಸಿನ್. ನೀವು ಕತ್ತರಿಸಿಟ್ಟುಕೊಂಡ ಅನುಕ್ರಮದಲ್ಲಿ ಗ್ಲೈಸಿನ್ ಪ್ರಮಾಣ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಇರಬೇಕು. ತುಂಬ ಕಡಿಮೆ ಬಂದರೆ ತುದಿಗಳಲ್ಲಿ ಪ್ರೊಪೆಪ್ಟೈಡ್ ಉಳಿದಿದೆ ಎಂದರ್ಥ.

ಮೂರನೆಯದು ಹೈಡ್ರಾಕ್ಸಿಪ್ರೋಲಿನ್. ಕಾಲಜನ್‌ನ ಗ್ಲೈಸಿನ್-ಎಕ್ಸ್-ವೈ ತ್ರಿಕದಲ್ಲಿ (ಇಲ್ಲಿ ಎಕ್ಸ್, ವೈ ಎಂದರೆ ಯಾವುದೇ ಅಮೈನೋ ಆಮ್ಲ) ಮೂರನೆಯ ಜಾಗಕ್ಕೆ ಬರುವ ಪ್ರೋಲಿನ್‌ಗಳಲ್ಲಿ ಬಹುಪಾಲು ಜೀವಕೋಶದಲ್ಲಿ ಹೈಡ್ರಾಕ್ಸಿಪ್ರೋಲಿನ್ ಆಗಿ ಬದಲಾಗುತ್ತವೆ. ದತ್ತಾಂಶದಲ್ಲಿ ಅದು ಪ್ರೋಲಿನ್ ಎಂದೇ ಇರುತ್ತದೆ, ಏಕೆಂದರೆ ಅನುಕ್ರಮ ಬಂದಿರುವುದು ಜೀನ್‌ನಿಂದ. ಕೆಲವರು ಇದನ್ನು ಸರಿಪಡಿಸಲು ಪ್ರಬಂಧಗಳಲ್ಲಿ ಕಂಡ ಓ ಅಕ್ಷರವನ್ನು ಅನುಕ್ರಮ ಬರೆದಿಡುವ ಫಾಸ್ಟಾ ಕಡತದಲ್ಲಿ ಹಾಕುತ್ತಾರೆ. ಹಾಗೆ ಮಾಡಬೇಡಿ. ಅನುಕ್ರಮದ ಅಧಿಕೃತ ಸಂಕೇತದಲ್ಲಿ ಓ ಎಂದರೆ ಪೈರೊಲೈಸಿನ್ ಎಂಬ ಬೇರೆಯೇ ಅಮೈನೋ ಆಮ್ಲ. ಸಾಧನ ಅದನ್ನು ತಿರಸ್ಕರಿಸುತ್ತದೆ ಅಥವಾ ಸದ್ದಿಲ್ಲದೆ ತಪ್ಪು ದ್ರವ್ಯರಾಶಿ ಲೆಕ್ಕ ಹಾಕುತ್ತದೆ. ಕಡತದಲ್ಲಿ ಪ್ರೋಲಿನ್ ಹಾಗೇ ಇರಲಿ. ಸ್ಪ್ರೆಡ್‌ಶೀಟ್‌ನಲ್ಲಿ "ವೈ ಜಾಗದ ಪ್ರೋಲಿನ್ ಇದೆ" ಎಂಬ ಪ್ರತ್ಯೇಕ ಕಾಲಂ ಮಾಡಿ. ಡಾಕಿಂಗ್‌ನಲ್ಲೂ ಪೆಪ್ಟೈಡ್ ತಯಾರಿಸಲು ಕೊಡುವಾಗಲೂ ಈ ಕಾಲಂ ಬೇಕಾಗುತ್ತದೆ. ಇದು ಕೂದಲು ಸೀಳುವ ವಿಷಯವಲ್ಲ. ಜೆಲಟಿನ್ ಸೇವಿಸಿದ ಮೇಲೆ ರಕ್ತದಲ್ಲಿ ಎದ್ದು ಕಾಣುವ ಪೆಪ್ಟೈಡ್ ಪ್ರೋಲಿನ್-ಹೈಡ್ರಾಕ್ಸಿಪ್ರೋಲಿನ್ ಜೋಡಿ. ಕಡತದಲ್ಲಿ ಅದು ಪ್ರೋಲಿನ್-ಪ್ರೋಲಿನ್ ಎಂದು ಕಾಣುತ್ತದೆ.

ನಿಮ್ಮ ಜಾತಿಯ ಮೀನಿನ ಜೀನೋಮ್ ಇಲ್ಲದಿದ್ದರೆ ಹತ್ತಿರದ ಸಂಬಂಧಿಗಳದ್ದನ್ನು ಬಳಸಬಹುದು. ಒಂದನ್ನೇ ನೆಚ್ಚಬೇಡಿ. ಮೂರು-ನಾಲ್ಕು ಜಾತಿಗಳ ಅನುಕ್ರಮ ಸಾಲು ಹೊಂದಿಸಿ, ಎಲ್ಲದರಲ್ಲೂ ಅಕ್ಷರಶಃ ಒಂದೇ ಇರುವ ತುಣುಕುಗಳನ್ನು ಮಾತ್ರ ಮುಂದಕ್ಕೆ ಕಳುಹಿಸಿ. ಜೊತೆಗೆ, ಎಲುಬುಮೀನುಗಳಲ್ಲಿ ಕಾಲಜನ್ ಆಲ್ಫಾ-1 ಜೀನ್ ಸಾಮಾನ್ಯವಾಗಿ ಎರಡು ಪ್ರತಿಗಳಲ್ಲಿರುತ್ತದೆ, ಎರಡನೆಯದರಿಂದ ಬರುವುದೇ ಆಲ್ಫಾ-3 ಸರಪಳಿ. ಆಲ್ಫಾ-1, ಆಲ್ಫಾ-2, ಆಲ್ಫಾ-3 ಮೂರನ್ನೂ ತೆಗೆದುಕೊಳ್ಳಿ.

ಹಂತ 3: ಕಿಣ್ವದಿಂದ ಕತ್ತರಿಸಿ

ಕಿಣ್ವ ಆರಿಸುವಾಗ ಎರಡು ವಿಷಯ ನೋಡಬೇಕು: ಅದು ನಿಮ್ಮ ಪ್ರಯೋಗಾಲಯದಲ್ಲಿ ಇದೆಯೇ, ಅದರ ಕತ್ತರಿಸುವ ನಿಯಮ ಎಷ್ಟು ಕಟ್ಟುನಿಟ್ಟು.

ಟ್ರಿಪ್ಸಿನ್ ನಿಯಮ ಸ್ಪಷ್ಟ: ಲೈಸಿನ್ ಅಥವಾ ಆರ್ಜಿನಿನ್ ನಂತರ ಕತ್ತರಿಸುತ್ತದೆ, ಮುಂದೆ ಪ್ರೋಲಿನ್ ಇದ್ದರೆ ಸಾಮಾನ್ಯವಾಗಿ ಬಿಡುತ್ತದೆ. ಕೈಮೊಟ್ರಿಪ್ಸಿನ್ ಫಿನೈಲ್‌ಅಲನಿನ್, ಟೈರೋಸಿನ್, ಟ್ರಿಪ್ಟೊಫ್ಯಾನ್ ನಂತರ ಕತ್ತರಿಸುತ್ತದೆ, ನಿಧಾನವಾಗಿ ಲ್ಯೂಸಿನ್ ನಂತರವೂ. ಥರ್ಮೊಲೈಸಿನ್ ನೀರಿಗೆ ಒಗ್ಗದ ಅಮೈನೋ ಆಮ್ಲಗಳ ನಂತರವಲ್ಲ, ಅವುಗಳಿಗೆ ಮೊದಲು ಕತ್ತರಿಸುತ್ತದೆ. ಉದ್ಯಮದಲ್ಲಿ ಹೆಚ್ಚು ಬಳಕೆಯ ಆಲ್ಕಲೇಸ್‌ನ ಮುಖ್ಯ ಕಿಣ್ವ ಸಬ್‌ಟಿಲಿಸಿನ್, ಅದರ ನಿಯಮ ತುಂಬ ಸಡಿಲ. ಅದಕ್ಕೆ ಕಂಪ್ಯೂಟರ್ ಕೊಡುವ ಪಟ್ಟಿಯನ್ನು ಸುಳಿವು ಎಂದಷ್ಟೇ ಓದಿ. ಪ್ರಯೋಗಾಲಯದಲ್ಲಿ ಆಲ್ಕಲೇಸ್ ಬಳಸಿ ಕಂಪ್ಯೂಟರ್‌ನಲ್ಲಿ ಟ್ರಿಪ್ಸಿನ್ ಆರಿಸುವುದು ಬಹಳ ಸಾಮಾನ್ಯವಾದ ತಪ್ಪು.

ಕಾಲಜನ್‌ಗೆ ಟ್ರಿಪ್ಸಿನ್ ಹಾಕಿದಾಗ ಒಂದು ಒಳ್ಳೆಯ ಸುಳಿವು ಸಿಗುತ್ತದೆ. ಅಲ್ಲಿ ಲೈಸಿನ್, ಆರ್ಜಿನಿನ್ ಹೆಚ್ಚಾಗಿ ತ್ರಿಕದ ಮೂರನೆಯ ಜಾಗದಲ್ಲಿರುತ್ತವೆ, ಅವುಗಳ ಮುಂದಿರುವುದು ಗ್ಲೈಸಿನ್. ಹಾಗಾಗಿ ತುಣುಕುಗಳಲ್ಲಿ ಬಹುಪಾಲು ಗ್ಲೈಸಿನ್‌ನಿಂದ ಶುರುವಾಗಬೇಕು. ಆಗಿಲ್ಲವೆಂದರೆ ಹಂತ 2ಕ್ಕೆ ಹಿಂತಿರುಗಿ.

ಕಂಪ್ಯೂಟರ್ ಎಲ್ಲ ಕೊಂಡಿಗಳೂ ಪೂರ್ತಿ ಕತ್ತರಿಸಲ್ಪಟ್ಟಿವೆ ಎಂದುಕೊಳ್ಳುತ್ತದೆ. ಪ್ರೋಟೀನ್ ಹೇಗೆ ಮಡಿಚಿಕೊಂಡಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಮೂರೆಳೆಯ ಹಗ್ಗದಂತೆ ಹೊಸೆದುಕೊಂಡ ಕಾಲಜನ್‌ನ್ನು ಟ್ರಿಪ್ಸಿನ್ ಮುಟ್ಟುವುದು ಕಷ್ಟ. ಬಿಸಿಗೆ ಬಿಚ್ಚಿಕೊಂಡು ಜೆಲಟಿನ್ ಆದ ಮೇಲೆ ಮಾತ್ರ ನಿಮ್ಮ ಲೆಕ್ಕಕ್ಕೆ ಅರ್ಥ ಬರುತ್ತದೆ. ಆದ್ದರಿಂದ ಪೂರ್ತಿ ಕತ್ತರಿಸಿದ ಪಟ್ಟಿಯ ಜೊತೆಗೆ ಒಂದು ಮತ್ತು ಎರಡು ಕತ್ತರಿಕೆ ತಪ್ಪಿದ ಪಟ್ಟಿಯನ್ನೂ ತಯಾರಿಸಿ. ಮೂರರಲ್ಲೂ ಕಾಣಿಸಿಕೊಳ್ಳುವ ಸಕ್ರಿಯ ಭಾಗಕ್ಕೆ ಹೆಚ್ಚು ಬೆಲೆ ಕೊಡಿ.

ನಿಮ್ಮ ವಿಧಾನ ಸರಿಯಿದೆಯೇ ಎಂದು ನೋಡಲು ಗೊತ್ತಿರುವ ಉದಾಹರಣೆಯನ್ನು ಓಡಿಸಿ. ಅಲಾಸ್ಕಾ ಪೊಲಾಕ್ ಮೀನಿನ ಚರ್ಮದ ಜೆಲಟಿನ್‌ನಿಂದ ಗ್ಲೈಸಿನ್-ಪ್ರೋಲಿನ್-ಲ್ಯೂಸಿನ್ ಎಂಬ ತ್ರಿಪೆಪ್ಟೈಡ್ 2001ರಲ್ಲಿ ವರದಿಯಾಯಿತು. ರಕ್ತದೊತ್ತಡಕ್ಕೆ ಸಂಬಂಧಿಸಿದ ಏಸ್ ಕಿಣ್ವದ ಮೇಲೆ ಅದರ ಐಸಿ50 (ಕಿಣ್ವದ ಕೆಲಸವನ್ನು ಅರ್ಧಕ್ಕೆ ಇಳಿಸುವ ಸಾಂದ್ರತೆ; ಕಡಿಮೆಯಿದ್ದಷ್ಟೂ ಬಲ ಹೆಚ್ಚು) 2.6 ಮೈಕ್ರೋಮೋಲಾರ್. ಅದನ್ನು ಪಡೆದದ್ದು ಆಲ್ಕಲೇಸ್, ಪ್ರೊನೇಸ್ ಇ, ಕಾಲಜನೇಸ್ ಮೂರನ್ನೂ ಒಂದಾದ ಮೇಲೊಂದರಂತೆ ಬಳಸಿ. ನೀವು ಟ್ರಿಪ್ಸಿನ್ ಒಂದನ್ನೇ ಆರಿಸಿದರೆ ಅದು ಪಟ್ಟಿಯಲ್ಲಿ ಬರಲಾರದು, ಏಕೆಂದರೆ ಲ್ಯೂಸಿನ್ ನಂತರ ಟ್ರಿಪ್ಸಿನ್ ಕತ್ತರಿಸುವುದಿಲ್ಲ. ಬಂದರೆ ನಿಮ್ಮ ಸೆಟ್ಟಿಂಗ್‌ನಲ್ಲಿ ಏನೋ ತಪ್ಪಿದೆ.

ಹಂತ 4: ಗೊತ್ತಿರುವ ಪೆಪ್ಟೈಡ್‌ಗಳೊಂದಿಗೆ ಹೋಲಿಸಿ, ಸಂಖ್ಯೆಗಳನ್ನು ಓದಲು ಕಲಿಯಿರಿ

ಬಯೋಪೆಪ್ ಕೆಲವು ಸಂಖ್ಯೆಗಳನ್ನು ಕೊಡುತ್ತದೆ. ಅರ್ಥ ತಿಳಿಯದೆ ಅವನ್ನು ಕೋಷ್ಟಕಕ್ಕೆ ತುಂಬಿಸುವವರೇ ಹೆಚ್ಚು.

ಎ ಎಂದರೆ, ಸಕ್ರಿಯವೆಂದು ಗೊತ್ತಿರುವ ತುಣುಕುಗಳು ಪ್ರೋಟೀನ್‌ನಲ್ಲಿ ಎಷ್ಟು ಸಲ ಬಂದಿವೆ ಎಂಬ ಎಣಿಕೆಯನ್ನು ಪ್ರೋಟೀನ್ ಉದ್ದದಿಂದ ಭಾಗಿಸಿದ್ದು. ಆ ತುಣುಕು ಬಿಡುಗಡೆಯಾಗುತ್ತದೋ ಇಲ್ಲವೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಇ ಎಂದರೆ ನೀವು ಆರಿಸಿದ ಕಿಣ್ವ ನಿಜವಾಗಿ ಬಿಡಿಸುವ ಸಕ್ರಿಯ ತುಣುಕುಗಳ ಎಣಿಕೆ, ಅದನ್ನೂ ಉದ್ದದಿಂದ ಭಾಗಿಸಿದ್ದು. ಎಇಯನ್ನು ಎಯಿಂದ ಭಾಗಿಸಿದರೆ ಡಬ್ಲ್ಯು: ಒಳಗಿರುವ ಸಂಪತ್ತಿನಲ್ಲಿ ಎಷ್ಟು ಭಾಗ ಹೊರಬಂತು ಎಂಬುದು. ಬಿ ಸಂಖ್ಯೆಯಲ್ಲಿ ಪ್ರತಿ ತುಣುಕಿನ ಐಸಿ50 ಕೂಡ ಸೇರಿರುತ್ತದೆ, ಹಾಗಾಗಿ 1 ಮೈಕ್ರೋಮೋಲಾರ್‌ನ ಒಂದು ತುಣುಕು 1000 ಮೈಕ್ರೋಮೋಲಾರ್‌ನ ಸಾವಿರ ತುಣುಕುಗಳಿಗೆ ಸಮ.

ಕಿಣ್ವ ಆರಿಸಲು ಎಇ ಮತ್ತು ಡಬ್ಲ್ಯು ನೋಡಿ. ಎ ಸಂಖ್ಯೆಯನ್ನು ಮಾತ್ರ ಹಿಡಿದು "ಈ ಚರ್ಮ ಉತ್ಕೃಷ್ಟ ಮೂಲ" ಎಂದು ಬರೆಯಬೇಡಿ. ಕಾರಣ ಸರಳ ಗಣಿತದಲ್ಲಿದೆ. 20 ಅಮೈನೋ ಆಮ್ಲಗಳಿಂದ ಸಾಧ್ಯವಿರುವ ಜೋಡಿಗಳು 400 ಮಾತ್ರ. 1000 ಉದ್ದದ ಪ್ರೋಟೀನ್‌ನಲ್ಲಿ ಅಕ್ಕಪಕ್ಕದ ಜೋಡಿಗಳು 999. ಅಂದರೆ ಯಾವುದೇ ಜೋಡಿಯಾದರೂ ಸರಾಸರಿ ಎರಡೂವರೆ ಸಲ ಸುಮ್ಮನೆ ಸಿಗುತ್ತದೆ. ತ್ರಿಪೆಪ್ಟೈಡ್‌ಗಳು 8000, ನಾಲ್ಕರವು 1,60,000. ನಾಲ್ಕು ಉದ್ದದ ಗೊತ್ತಿರುವ ಪೆಪ್ಟೈಡ್ ನಿಮ್ಮ ಪ್ರೋಟೀನ್‌ನಲ್ಲಿ ಸಿಕ್ಕಿದರೆ ಅದು ಸುದ್ದಿ. ಜೋಡಿ ಸಿಕ್ಕರೆ ಸುದ್ದಿಯಲ್ಲ.

ಕಾಲಜನ್‌ನಲ್ಲಿ ಇದು ಇನ್ನೂ ತೀವ್ರ. ಗ್ಲೈಸಿನ್-ಪ್ರೋಲಿನ್, ಪ್ರೋಲಿನ್-ಗ್ಲೈಸಿನ್, ಗ್ಲೈಸಿನ್-ಅಲನಿನ್ ಜೋಡಿಗಳು ಸಾಲುಸಾಲಾಗಿ ಇರುತ್ತವೆ, ಅವೆಲ್ಲ ಏಸ್ ತಡೆಯುವವೆಂದು ದತ್ತಾಂಶದಲ್ಲಿ ದಾಖಲಾಗಿವೆ, ಆದರೆ ಶಕ್ತಿ ಬಹಳ ದುರ್ಬಲ. ಎ ಆಕಾಶಕ್ಕೆ ಏರುತ್ತದೆ, ಬಿ ನೆಲಬಿಟ್ಟು ಏಳುವುದಿಲ್ಲ. ಎ ದೊಡ್ಡದು, ಬಿ ಸಣ್ಣದು ಎಂದು ಕಂಡ ಕೂಡಲೇ ಪಟ್ಟಿ ಜೋಡಿಗಳಿಂದ ತುಂಬಿದೆ ಎಂದು ತಿಳಿಯಿರಿ.

ಇದಕ್ಕೊಂದು ಪರೀಕ್ಷೆ ಮಾಡಿ, ದಯವಿಟ್ಟು ಬಿಡಬೇಡಿ. ಪೈಥಾನ್‌ನಲ್ಲಿ ನಿಮ್ಮ ಅನುಕ್ರಮದ ಅಕ್ಷರಗಳನ್ನು ಕಲಸಿ, ಅದೇ ಸಂಯೋಜನೆಯ ಇಪ್ಪತ್ತು ನಕಲಿ ಪ್ರೋಟೀನ್ ಮಾಡಿ. ದತ್ತಾಂಶದಿಂದ ಇಳಿಸಿಕೊಂಡ ಪೆಪ್ಟೈಡ್ ಪಟ್ಟಿಯೊಂದಿಗೆ ಅವನ್ನೂ ಹೋಲಿಸಿ ಎ, ಎಇ ಲೆಕ್ಕ ಹಾಕಿ. ನಿಜವಾದ ಪ್ರೋಟೀನ್‌ನ ಸಂಖ್ಯೆ ನಕಲಿಗಳ ಗುಂಪಿನೊಳಗೇ ಬಿದ್ದರೆ, ನೀವು ಅಳೆಯುತ್ತಿರುವುದು ಅಮೈನೋ ಆಮ್ಲಗಳ ಪ್ರಮಾಣವನ್ನಷ್ಟೆ. ಇದಕ್ಕೆ ಒಂದು ಮಧ್ಯಾಹ್ನ ಸಾಕು, ಉಳಿಸುವುದು ತಿಂಗಳುಗಳನ್ನು.

ಪೆಪ್ಟೈಡ್‌ರ್‍ಯಾಂಕರ್‌ನಂಥ ಅಂಕ ಕೊಡುವ ಸಾಧನಗಳನ್ನು ಸಾಲು ಜೋಡಿಸಲು ಬಳಸಿ, ತೀರ್ಪು ಕೊಡಲು ಬೇಡ. ಫಿನೈಲ್‌ಅಲನಿನ್, ಟ್ರಿಪ್ಟೊಫ್ಯಾನ್, ಪ್ರೋಲಿನ್, ಗ್ಲೈಸಿನ್ ಹೆಚ್ಚಿರುವ ಚಿಕ್ಕ ಪೆಪ್ಟೈಡ್‌ಗಳಿಗೆ ಅದು ಧಾರಾಳವಾಗಿ ಅಂಕ ಕೊಡುತ್ತದೆ. ಅದು ಹೇಳುವುದು "ಯಾವುದೋ ಒಂದು ಚಟುವಟಿಕೆ ಇರಬಹುದು" ಎಂದು. ಯಾವ ಚಟುವಟಿಕೆ ಎಂದು ಹೇಳುವುದಿಲ್ಲ. 0.5ರ ಗೆರೆ ದಾಟಿದ್ದನ್ನೆಲ್ಲ "ಏಸ್ ತಡೆ" ಎಂದು ಬರೆದಿಟ್ಟ ಪಟ್ಟಿಗಳನ್ನು ನೋಡಿದ್ದೇನೆ.

ಹಂತ 5: ಜಠರ, ಕರುಳು ದಾಟಿಸಿ

ಉಳಿದ ಪ್ರತಿ ಪೆಪ್ಟೈಡ್‌ನ್ನು ಪೆಪ್ಸಿನ್, ಟ್ರಿಪ್ಸಿನ್, ಕೈಮೊಟ್ರಿಪ್ಸಿನ್‌ನಿಂದ ಇದೇ ಕ್ರಮದಲ್ಲಿ ಮತ್ತೆ ಕತ್ತರಿಸಿ. ಪೆಪ್ಸಿನ್‌ಗೆ ಸಾಧನಗಳಲ್ಲಿ ಎರಡು ಆಯ್ಕೆ ಇರುತ್ತವೆ: ಪಿಎಚ್ 1.3 ಮತ್ತು 2ಕ್ಕಿಂತ ಮೇಲೆ. ಪ್ರಯೋಗಾಲಯದಲ್ಲಿ ಇನ್ಫೊಜೆಸ್ಟ್ ಎಂಬ ಕೃತಕ ಜೀರ್ಣಕ್ರಿಯೆಯ ವಿಧಾನ ಅನುಸರಿಸುವುದಾದರೆ ಜಠರದ ಹಂತ ಪಿಎಚ್ 3ರಲ್ಲಿ 2 ಗಂಟೆ, ಹಾಗಾಗಿ ಎರಡನೆಯದನ್ನೇ ಆರಿಸಿ.

ಮುರಿದ ಪೆಪ್ಟೈಡ್‌ನ್ನು ತಕ್ಷಣ ಎಸೆಯಬೇಡಿ. ಮುರಿದ ಚೂರು ಏನು ಎಂದು ನೋಡಿ. ಒಣಗಿಸಿದ ಬೊನಿಟೊ ಮೀನಿನಿಂದ ಥರ್ಮೊಲೈಸಿನ್ ಬಳಸಿ ಪಡೆದ ಲ್ಯೂಸಿನ್-ಲೈಸಿನ್-ಪ್ರೋಲಿನ್-ಆಸ್ಪರಜಿನ್-ಮೆಥಿಯೊನಿನ್ ಪೆಪ್ಟೈಡ್‌ನ ಐಸಿ50 2.4 ಮೈಕ್ರೋಮೋಲಾರ್. ಏಸ್ ಕಿಣ್ವವೇ ಅದರ ಕೊನೆಯ ಎರಡನ್ನು ಕತ್ತರಿಸುತ್ತದೆ. ಉಳಿಯುವ ಮೂರರ ಚೂರಿನ ಐಸಿ50 0.32, ಅಂದರೆ ಮೊದಲಿನದಕ್ಕಿಂತ ಏಳು ಪಟ್ಟಿಗೂ ಹೆಚ್ಚು ಬಲಶಾಲಿ. ಇಂಥವನ್ನು ಕಳೆದುಕೊಳ್ಳದಿರಲು, ಮುರಿದ ಚೂರುಗಳನ್ನು ಹೊಸ ಸಾಲಾಗಿ ಸೇರಿಸಿ ಹಂತ 4ಕ್ಕೆ ವಾಪಸು ಕಳುಹಿಸಿ.

ಕರುಳಿನ ಗೋಡೆಯ ಪೆಪ್ಟಿಡೇಸ್‌ಗಳು ಈ ಲೆಕ್ಕದಲ್ಲಿ ಸೇರಿಲ್ಲ. ಎರಡು, ಮೂರು ಉದ್ದದವು ಪೆಪ್‌ಟಿ1 ಎಂಬ ಸಾಗಣೆ ಪ್ರೋಟೀನ್ ಮೂಲಕ ಒಳಹೋಗಬಲ್ಲವು. ಎಂಟು, ಹತ್ತು ಉದ್ದದ್ದು ಇಡಿಯಾಗಿ ರಕ್ತ ಸೇರುತ್ತದೆ ಎಂದು ಬರೆಯಲು ಪುರಾವೆ ಬೇಕು.

ಹಂತ 6: ಸುರಕ್ಷತೆಯ ಜರಡಿ

ಟಾಕ್ಸಿನ್‌ಪ್ರೆಡ್ ಓಡಿಸಿ, ಫಲಿತಾಂಶ ಬರೆದಿಡಿ. ಅಲರ್ಜಿಯ ವಿಷಯದಲ್ಲಿ ಮಾತ್ರ ನಿಲ್ಲಬೇಕು. ಅಲ್ಲರ್‌ಟಾಪ್‌ನಂಥ ಸಾಧನಗಳನ್ನು ಇಡೀ ಪ್ರೋಟೀನ್‌ಗಳ ಮೇಲೆ ತರಬೇತಿ ಕೊಟ್ಟು ಕಟ್ಟಿದ್ದಾರೆ. ಅದಕ್ಕೆ ನಾಲ್ಕು ಅಕ್ಷರದ ಪೆಪ್ಟೈಡ್ ಕೊಟ್ಟು "ಅಲರ್ಜಿಕಾರಕವಲ್ಲ" ಎಂಬ ಉತ್ತರ ಪಡೆದು ನೆಮ್ಮದಿಯಾಗಿರುವುದು ಅಪಾಯ. ಮೀನಿನ ಪಾರ್ವಾಲ್ಬುಮಿನ್, ಸಿಗಡಿಯ ಟ್ರೋಪೊಮಯೋಸಿನ್ ಮತ್ತು ಆರ್ಜಿನಿನ್ ಕೈನೇಸ್ ಹೆಸರಾಂತ ಅಲರ್ಜಿಕಾರಕಗಳು. ನಿಮ್ಮ ಪೆಪ್ಟೈಡ್ ಇವುಗಳಿಂದ ಬಂದಿದ್ದರೆ, ಶುದ್ಧ ಪೆಪ್ಟೈಡ್ ನಿರಪಾಯವಾದರೂ ಅದನ್ನು ಹೊತ್ತ ಹೈಡ್ರೊಲೈಸೇಟ್‌ನಲ್ಲಿ (ಕಿಣ್ವ ಕತ್ತರಿಸಿದ ಮೇಲಿನ ಇಡೀ ಮಿಶ್ರಣದಲ್ಲಿ) ಉದ್ದನೆಯ ಅಲರ್ಜಿಕಾರಕ ಚೂರುಗಳು ಉಳಿದಿರಬಹುದು. ಸ್ಪ್ರೆಡ್‌ಶೀಟ್‌ನಲ್ಲಿ ಮೂಲ ಪ್ರೋಟೀನ್ ಹೆಸರಿನ ಪಕ್ಕ ಕೆಂಪು ಗುರುತು ಹಾಕಿ. ಕಂಪ್ಯೂಟರ್ "ಇಲ್ಲ" ಎಂದರೂ ಆ ಗುರುತು ಅಳಿಸಬೇಡಿ. ಅಲರ್ಜಿ ಇರುವವರ ಜೀವದ ಪ್ರಶ್ನೆ ಇದು.

ಪ್ರಾಟ್‌ಪ್ಯಾರಮ್ ಕೊಡುವ ಅಸ್ಥಿರತೆಯ ಸೂಚ್ಯಂಕವನ್ನು ಐದಾರು ಉದ್ದದ ಪೆಪ್ಟೈಡ್‌ಗೆ ವರದಿ ಮಾಡಬೇಡಿ. ಅದು ಪೂರ್ಣ ಪ್ರೋಟೀನ್‌ಗಳಿಗಾಗಿ ಮಾಡಿದ ಸೂತ್ರ.

ಹಂತ 7: ಡಾಕಿಂಗ್

ಇಲ್ಲಿಗೆ ಬರುವಷ್ಟರಲ್ಲಿ ಪಟ್ಟಿಯಲ್ಲಿ ಹತ್ತು, ಹದಿನೈದು ಪೆಪ್ಟೈಡ್ ಉಳಿದಿರಬೇಕು. ಇನ್ನೂರಿದ್ದರೆ ಹಿಂದಿನ ಜರಡಿಗಳು ಕೆಲಸ ಮಾಡಿಲ್ಲ.

ಮೊದಲ ಪ್ರಶ್ನೆ: ಗುರಿ ಪ್ರೋಟೀನ್ ಎಂಬುದು ಇದೆಯೇ? ಏಸ್‌ಗೆ ಇದೆ, ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಡಿಪಿಪಿ-4ಕ್ಕೆ ಇದೆ. ನಿಮ್ಮ ಪರೀಕ್ಷೆ, ಉತ್ಕರ್ಷಣ ತಡೆಯುವ ಶಕ್ತಿ ಅಳೆಯಲು ಡಿಪಿಪಿಎಚ್ ಎಂಬ ರಾಸಾಯನಿಕದ ಬಣ್ಣ ಕಳೆಯುವುದಾದರೆ ಅಲ್ಲಿ ಅಂಟುವ ಜಾಗವೇ ಇಲ್ಲ, ಅದು ಬರಿಯ ರಾಸಾಯನಿಕ ಕ್ರಿಯೆ. ಅದಕ್ಕೆ ಡಾಕಿಂಗ್ ಪುರಾವೆಯಾಗಲಾರದು.

ಏಸ್‌ಗಾಗಿ ಲಿಸಿನೊಪ್ರಿಲ್ ಔಷಧಿಯೊಂದಿಗೆ ಹರಳಾಗಿಸಿದ 1ಓ86 ಎಂಬ ಸಂಕೇತದ ರಚನೆಯನ್ನು ಪ್ರೋಟೀನ್ ರಚನೆಗಳ ದತ್ತಾಂಶವಾದ ಪಿಡಿಬಿಯಿಂದ ತೆಗೆದುಕೊಳ್ಳಿ. ನಡುವಿನದು ಓ ಅಕ್ಷರ, ಸೊನ್ನೆಯಲ್ಲ. ಮುಂದಿನ ಕೆಲಸ ಈ ಕ್ರಮದಲ್ಲಿ:

1. ನೀರಿನ ಅಣು, ಔಷಧಿಯನ್ನು ತೆಗೆಯಿರಿ. ಸತು ಅಯಾನು, ಕ್ಲೋರೈಡ್ ಅಯಾನುಗಳನ್ನು ಉಳಿಸಿ. ಸತುವನ್ನು ಹಿಸ್ಟಿಡಿನ್ 383, ಹಿಸ್ಟಿಡಿನ್ 387, ಗ್ಲುಟಮಿಕ್ ಆಮ್ಲ 411 ಹಿಡಿದುಕೊಂಡಿರುತ್ತವೆ. "ಪ್ರೋಟೀನ್ ಅಲ್ಲದ್ದನ್ನೆಲ್ಲ ಅಳಿಸು" ಎಂಬ ಬಟನ್ ಒತ್ತಿದರೆ ಸತುವೂ ಹೋಗುತ್ತದೆ, ಜೊತೆಗೆ ಕಿಣ್ವದ ಹೃದಯವೂ.

2. ವೀನಾ ಪರಮಾಣುಗಳ ವಿದ್ಯುದಾವೇಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಟೋಡಾಕ್ 4 ಬಳಸುವುದಾದರೆ ಸತುವಿನ ಆವೇಶ ಸೊನ್ನೆಯಾಗಿ ಉಳಿದಿದೆಯೇ ಎಂದು ಕಡತ ತೆರೆದು ನೋಡಿ ಸರಿಪಡಿಸಿ.

3. ತೆಗೆದ ಲಿಸಿನೊಪ್ರಿಲ್‌ನ್ನೇ ಮೊದಲು ಮತ್ತೆ ಡಾಕ್ ಮಾಡಿ. ಹರಳಿನಲ್ಲಿದ್ದ ಭಂಗಿಗೂ ಬಂದ ಭಂಗಿಗೂ ವ್ಯತ್ಯಾಸ 2 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಮುಂದೆ ಹೋಗಬೇಡಿ. ಸಾಫ್ಟ್‌ವೇರ್ ಹುಡುಕಾಡುವ ಬಾಕ್ಸ್‌ನ ಜಾಗ, ಗಾತ್ರ ತಿದ್ದಿ.

4. ಪೆಪ್ಟೈಡ್‌ನ ಎರಡೂ ತುದಿ ಆವೇಶಸಹಿತ ಇರಲಿ. ಎಲ್ಲ ಅಮೈನೋ ಆಮ್ಲಗಳೂ ಪ್ರೋಟೀನ್‌ಗಳಲ್ಲಿರುವ ಎಲ್ ರೂಪದಲ್ಲಿವೆಯೇ ನೋಡಿ. ಕೈಯಲ್ಲಿ ಬಿಡಿಸಿದ ರಚನೆಗಳಲ್ಲಿ ಅದರ ಕನ್ನಡಿ ಬಿಂಬವಾದ ಡಿ ರೂಪ ನುಸುಳುವುದು ಸಾಮಾನ್ಯ. ಹಂತ 2ರ ಕಾಲಂ ನೋಡಿ, ಬೇಕಾದಲ್ಲಿ ಹೈಡ್ರಾಕ್ಸಿಪ್ರೋಲಿನ್ ಹಾಕಿ.

5. ಶೋಧದ ತೀವ್ರತೆಯ ಡೀಫಾಲ್ಟ್ 8 ಸಾಲದು. 32ಕ್ಕೆ ಏರಿಸಿ, ಬೇರೆ ಬೇರೆ ಬೀಜಸಂಖ್ಯೆಯಿಂದ (ರ್‍ಯಾಂಡಮ್ ಸೀಡ್) ಕನಿಷ್ಠ ಐದು ಸಲ ಓಡಿಸಿ. ಪ್ರತಿ ಸಲ ಬೇರೆ ಭಂಗಿ ಬಂದರೆ ಆ ಪೆಪ್ಟೈಡ್ ಬಗ್ಗೆ ನಿಮಗೆ ಇನ್ನೂ ಉತ್ತರ ಸಿಕ್ಕಿಲ್ಲ.

6. ಪ್ರತಿ ಪೆಪ್ಟೈಡ್‌ನ ಅಕ್ಷರ ಕಲಸಿದ ನಕಲಿಗಳನ್ನೂ ಡಾಕ್ ಮಾಡಿ. ನಿಮ್ಮದು ನಕಲಿಗಳಿಗಿಂತ ಮೇಲಿದ್ದರೆ ಮಾತ್ರ ಮಾತಾಡಲು ವಿಷಯವಿದೆ.

ಅಂಕಗಳ ಬಗ್ಗೆ ಎರಡು ಮಾತು. ವೀನಾ ಅಂಕದ ದೋಷವೇ 2 ಕಿಲೋಕ್ಯಾಲರಿಗಿಂತ ಹೆಚ್ಚು. −8.4 ಬಂದದ್ದು −8.1ಕ್ಕಿಂತ ಉತ್ತಮ ಎಂದು ಹೇಳಲು ಆಗದು. ಪೆಪ್ಟೈಡ್ ಉದ್ದವಾದಂತೆ ಪರಮಾಣುಗಳು ಹೆಚ್ಚಿ ಅಂಕ ತಾನಾಗಿ ಸುಧಾರಿಸುತ್ತದೆ, ಆದ್ದರಿಂದ ಒಂದೇ ಉದ್ದದವುಗಳನ್ನು ಮಾತ್ರ ಪರಸ್ಪರ ಹೋಲಿಸಿ. ಐದಾರಕ್ಕಿಂತ ಉದ್ದದ ಪೆಪ್ಟೈಡ್‌ಗಳಿಗೆ ತಿರುಗುವ ಕೊಂಡಿಗಳು ವಿಪರೀತ. ಅವಕ್ಕೆ ಎಚ್‌ಪೆಪ್‌ಡಾಕ್, ಕ್ಯಾಬ್ಸ್-ಡಾಕ್‌ನಂಥ ಪೆಪ್ಟೈಡ್‌ಗೆಂದೇ ಮಾಡಿದ ಸಾಧನ ಬಳಸಿ.

ಅಣು ಚಲನೆಯ ಸಿಮ್ಯುಲೇಶನ್ ಮೊದಲ ಮೂರು ಪೆಪ್ಟೈಡ್‌ಗೆ ಮಾತ್ರ ಸಾಕು, ಅದೂ ಸತುವನ್ನು ಸರಿಯಾಗಿ ನಿಭಾಯಿಸಲು ಬಲ್ಲವರು ಜೊತೆಗಿದ್ದರೆ.

ಹಂತ 8: ತಯಾರಿಸಲು ಕೊಡುವ ಮೊದಲು, ಕೊಟ್ಟ ಮೇಲೆ

ಸಂಶ್ಲೇಷಣೆಗೆ ಹಣ ಕಟ್ಟುವ ಮುಂಚೆ ಹೈಡ್ರೊಲೈಸೇಟ್‌ನ್ನು ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಟ್ಟು ಆ ಪೆಪ್ಟೈಡ್ ಅಲ್ಲಿ ಇದೆಯೇ ಎಂದು ನೋಡಿ. ಹುಡುಕುವಾಗ ಮೂರು ಎಚ್ಚರಿಕೆ. ಪ್ರೋಲಿನ್‌ಗೆ 15.9949 ಡಾಲ್ಟನ್ ಹೆಚ್ಚುವರಿಯನ್ನು ಅನುಮತಿಸಿ, ಇಲ್ಲದಿದ್ದರೆ ಕಾಲಜನ್ ಪೆಪ್ಟೈಡ್‌ಗಳಲ್ಲಿ ಬಹಳಷ್ಟು ಕಾಣುವುದೇ ಇಲ್ಲ. ಮೆಥಿಯೊನಿನ್ ಉತ್ಕರ್ಷಣದ ಹೆಚ್ಚುವರಿಯೂ ಅಷ್ಟೇ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಲ್ಯೂಸಿನ್, ಐಸೊಲ್ಯೂಸಿನ್ ದ್ರವ್ಯರಾಶಿ ಒಂದೇ, ಅವನ್ನು ಬೇರ್ಪಡಿಸಿ ಹೇಳುವುದು ಅನುಕ್ರಮ ದತ್ತಾಂಶವೇ ಹೊರತು ಸಾಮಾನ್ಯ ಮಾಸ್ ಸ್ಪೆಕ್ಟ್ರಮ್ ಅಲ್ಲ. ಮೂರನೆಯದು, ಆ ದತ್ತಾಂಶ ಓದುವ ಮ್ಯಾಕ್ಸ್‌ಕ್ವಾಂಟ್ ಸಾಫ್ಟ್‌ವೇರ್‌ನಲ್ಲಿ ಪೆಪ್ಟೈಡ್‌ನ ಕನಿಷ್ಠ ಉದ್ದದ ಡೀಫಾಲ್ಟ್ 7. ನಿಮ್ಮ ತ್ರಿಪೆಪ್ಟೈಡ್ "ಇಲ್ಲ" ಎಂದು ಬಂದರೆ ಅದು ಹುಡುಕಿಯೇ ಇಲ್ಲ ಎಂದರ್ಥ. ಅಷ್ಟು ಚಿಕ್ಕದ್ದನ್ನು ಶುದ್ಧ ಮಾದರಿಯ ಜೊತೆ ಗುರಿಯಿಟ್ಟು ಅಳೆಯಬೇಕು.

ತಯಾರಾಗಿ ಬಂದ ಪೆಪ್ಟೈಡ್‌ನ ಚೀಟಿಯಲ್ಲಿ ಶುದ್ಧತೆ 95 ಶೇಕಡಾ ಎಂದಿದ್ದರೂ ಪುಡಿಯ ತೂಕದಲ್ಲಿ ಟ್ರೈಫ್ಲೋರೊಅಸಿಟಿಕ್ ಆಮ್ಲದ ಲವಣ ಮತ್ತು ನೀರು ಸೇರಿರುತ್ತದೆ. ನಿವ್ವಳ ಪೆಪ್ಟೈಡ್ ಪ್ರಮಾಣ ಕೇಳಿ ಪಡೆದು ಸಾಂದ್ರತೆ ಲೆಕ್ಕ ಹಾಕಿ.

ಏಸ್ ಪರೀಕ್ಷೆಯಲ್ಲಿ ಕಿಣ್ವ ಕತ್ತರಿಸಬೇಕಾದ ವಸ್ತುವಾಗಿ ಹಿಪ್ಪುರಿಲ್-ಹಿಸ್ಟಿಡಿನ್-ಲ್ಯೂಸಿನ್ ಬಳಸಿದರೆ ಬಿಡುಗಡೆಯಾಗುವ ಹಿಪ್ಪುರಿಕ್ ಆಮ್ಲವನ್ನು 228 ನ್ಯಾನೋಮೀಟರ್‌ನಲ್ಲಿ ಅಳೆಯುತ್ತಾರೆ. ದ್ರಾವಣದಲ್ಲಿ ಉಪ್ಪು ಸಾಕಷ್ಟಿರಬೇಕು, ಏಸ್‌ಗೆ ಕ್ಲೋರೈಡ್ ಬೇಕೇ ಬೇಕು. ಏಸ್ ತಡೆಯುವ ಔಷಧಿ ಕ್ಯಾಪ್ಟೊಪ್ರಿಲ್‌ನ್ನು ಹೋಲಿಕೆಗಾಗಿ ಪ್ರತಿ ಪ್ಲೇಟ್‌ನಲ್ಲೂ ಇಡಿ. ಪೆಪ್ಟೈಡ್‌ನ್ನು ಕಿಣ್ವದೊಂದಿಗೆ ಮೊದಲೇ ಸ್ವಲ್ಪ ಹೊತ್ತು ಇಟ್ಟು ಒಂದು ಸಲ, ಇಡದೆ ಒಂದು ಸಲ ಪರೀಕ್ಷಿಸಿ. ಮೊದಲೇ ಇಟ್ಟಾಗ ಶಕ್ತಿ ಹೆಚ್ಚಿದರೆ ಬೊನಿಟೊ ಪೆಪ್ಟೈಡ್‌ನಂತೆ ಒಳಗಿನಿಂದ ಬಲವಾದ ಚೂರು ಹೊರಬರುತ್ತಿದೆ. ಕಡಿಮೆಯಾದರೆ ಕಿಣ್ವ ಅದನ್ನು ಆಹಾರದಂತೆ ಕತ್ತರಿಸಿ ಮುಗಿಸುತ್ತಿದೆ, ಡಾಕಿಂಗ್‌ನಲ್ಲಿ ಚೆನ್ನಾಗಿ ಕೂತದ್ದು ಅದಕ್ಕೇ.

ಇಷ್ಟಾದ ಮೇಲೂ ಫಲಿತಾಂಶ ಸೊನ್ನೆ ಬಂದರೆ ಡಾಕಿಂಗ್‌ಗೆ ಮರಳಬೇಡಿ. ಮೊದಲು ಪುಡಿ ನೀರಿನಲ್ಲಿ ಪೂರ್ತಿ ಕರಗಿದೆಯೇ ನೋಡಿ. ಆಮೇಲೆ ಹೈಡ್ರಾಕ್ಸಿಪ್ರೋಲಿನ್ ಇರಬೇಕಾದ ಜಾಗಕ್ಕೆ ಪ್ರೋಲಿನ್ ಹಾಕಿಸಿದ್ದೀರಾ ಎಂದು ಆರ್ಡರ್ ಚೀಟಿ ತೆಗೆದು ನೋಡಿ. ಎರಡೂ ಸರಿಯಿದ್ದರೆ ಹಂತ 4ರ ನಕಲಿ ಪ್ರೋಟೀನ್‌ಗಳ ಲೆಕ್ಕವನ್ನು ಮತ್ತೊಮ್ಮೆ ತೆರೆಯಿರಿ.